ಕುದುರೆಗೆ ಹೊಟ್ಟೆಶೂಲೆ ಬಂದಾಗ

1948ರಲ್ಲಿ ಬೆಂಗಳೂರಿನ ದಕ್ಷಿಣಕ್ಕೆ ಜಯನಗರ ಬಡಾವಣೆಗೆ ಅಡಿಗಲ್ಲು ಬಿದ್ದ ಕಾಲದಲ್ಲಿ, ಆ ಕಡೆಯ ಜನರು ಪೇಟೆಗೋ ರೈಲು ನಿಲ್ದಾಣಕ್ಕೋ ಹೋಗಬೇಕಾದರೆ ಜಟಕಾ ಗಾಡಿಯನ್ನು ಆಶ್ರಯಿಸುವುದು ಸಾಮಾನ್ಯವಾಗಿದ್ದಿತು. ಲಾಳ ಕಟ್ಟುವವರು, ಹುಲ್ಲಿನ ಹೊರೆ ಮಾರುವವರು, ಹುರುಳಿಯ ಅಂಗಡಿಯವರು, ಇವರೆಲ್ಲರೂ ಆ ಕುದುರೆಗಳನ್ನು ನೆಚ್ಚಿಕೊಂಡಿದ್ದರು. ಬಸ್ಸುಗಳೂ ಆಟೋರಿಕ್ಷಾಗಳೂ ಹೆಚ್ಚಿದಂತೆ ಜಟಕಾ ನಿಲ್ದಾಣಗಳು ಒಂದೊಂದಾಗಿ ಕಣ್ಮರೆಯಾದುವು. ಆದರೂ ಕುದುರೆಯು ಈ ಭಾಗವನ್ನು ಪೂರ್ತಿಯಾಗಿ ಬಿಟ್ಟುಹೋಗಿಲ್ಲ. ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಕಲ್ಯಾಣಮಂಟಪಗಳ ಮುಂದೆ ವರನನ್ನು ಹೊತ್ತು ನಿಲ್ಲುವ ಬಿಳಿಯ ಕುದುರೆಯನ್ನೂ, ಮೆರವಣಿಗೆಯ ಸಾರೋಟಿಗೆ ಹೂಡಿದ ಜೋಡಿ ಕುದುರೆಗಳನ್ನೂ ನಾವು ಇಂದಿಗೂ ಕಾಣಬಹುದು. ದೀಪಗಳ ಬೆಳಕಿನಲ್ಲಿ ಅಲಂಕಾರವಷ್ಟೇ ಕಣ್ಣಿಗೆ ಬೀಳುತ್ತದೆ. ಒಂದು ಸಂಸಾರದ ಅನ್ನವು ಆ ನಾಲ್ಕು ಕಾಲುಗಳ ಮೇಲೆ ನಿಂತಿದೆಯೆಂಬುದು ನಮಗೆ ಹೊಳೆಯುವುದಿಲ್ಲ.

ಇಂತಹ ಕುದುರೆಯೊಂದು ವೈಶಾಖದ ಒಂದು ಸಂಜೆ ಆರತಕ್ಷತೆಯ ಮೆರವಣಿಗೆಯನ್ನು ಮುಗಿಸಿ ನಡುರಾತ್ರಿಯ ಹೊತ್ತಿಗೆ ಲಾಯಕ್ಕೆ ಮರಳಿತೆಂದು ಭಾವಿಸೋಣ. ಮಧ್ಯಾಹ್ನದಿಂದ ಅದಕ್ಕೆ ನೀರು ಸರಿಯಾಗಿ ದೊರೆತಿಲ್ಲ. ದಣಿದು ಬಂದಿದೆಯೆಂಬ ಮಮತೆಯಿಂದ ಯಜಮಾನನು ಎಂದಿನ ಎರಡರಷ್ಟು ಹುರುಳಿಯನ್ನು ಇಡುತ್ತಾನೆ. ಮಂಟಪದಲ್ಲಿ ಉಳಿದ ಅನ್ನವನ್ನೂ ಅದರೊಡನೆ ಬೆರೆಸುತ್ತಾನೆ. ಕೆಲವು ಗಂಟೆಗಳಾದ ಮೇಲೆ ಕುದುರೆಯು ಮುಂಗಾಲಿನಿಂದ ನೆಲವನ್ನು ಕೆರೆಯತೊಡಗುತ್ತದೆ. ಮತ್ತೆ ಮತ್ತೆ ಕತ್ತು ತಿರುಗಿಸಿ ತನ್ನ ಪಕ್ಕೆಯನ್ನು ನೋಡಿಕೊಳ್ಳುತ್ತದೆ, ಮೇಲ್ದುಟಿಯನ್ನು ಸುರುಟುತ್ತದೆ, ಮಲಗುತ್ತದೆ, ಏಳುತ್ತದೆ, ಹೊರಳುತ್ತದೆ, ಮೈಯೆಲ್ಲ ಬೆವರುತ್ತದೆ. ಕುದುರೆಯ ಹೊಟ್ಟೆಶೂಲೆಯೆಂದರೆ ಇದೇ. ಪಶುವೈದ್ಯರನ್ನು ಅವೇಳೆಯಲ್ಲಿ ಎಬ್ಬಿಸುವ ಕುದುರೆಯ ತೊಂದರೆಗಳಲ್ಲಿ ಇದಕ್ಕೆ ಮೊದಲನೆಯ ಸ್ಥಾನ. ನಮಗೆ ಹೊಟ್ಟೆನೋವು ಬಂದರೆ ಓಮದ ಕಷಾಯವನ್ನು ಕುಡಿದು ಬೆಳಗಾಗುವವರೆಗೆ ಕಾದಿರುವುದುಂಟು. ಕುದುರೆಯ ವಿಷಯದಲ್ಲಿ ಹಾಗೆ ಕಾದರೆ ಕೆಲವು ಸಲ ಬೆಳಗಾಗುವುದರೊಳಗೆ ಮಾಡಬೇಕಾದುದೇನೂ ಉಳಿದಿರುವುದಿಲ್ಲ. ಇಷ್ಟೊಂದು ದೊಡ್ಡ, ಬಲಿಷ್ಠವಾದ ಪ್ರಾಣಿಯು ಹೊಟ್ಟೆಯ ಕೋಟಲೆಗೆ ಇಷ್ಟು ಬೇಗ ಸೋಲುವುದೇಕೆಂಬುದನ್ನು ತಿಳಿಯಬೇಕಾದರೆ ಅದರ ದೇಹದ ರಚನೆಯನ್ನು ಕೊಂಚ ನೋಡಬೇಕು.

ಹಸುವೂ ಕುದುರೆಯೂ ಹುಲ್ಲನ್ನೇ ತಿಂದು ಬಾಳುವ ಪ್ರಾಣಿಗಳಾದರೂ ಹುಲ್ಲನ್ನು ಅರಗಿಸುವ ಬಗೆಯಲ್ಲಿ ಅವೆರಡಕ್ಕೂ ಬಹಳ ಅಂತರವಿದೆ. ಹಸುವಿನಲ್ಲಿ ಸೂಕ್ಷ್ಮಜೀವಿಗಳು ಹುಲ್ಲನ್ನು ಕೊಳೆಯಿಸುವ ತೊಟ್ಟಿಯು ಮುಂಭಾಗದಲ್ಲಿಯೇ, ಎಂದರೆ ನಾಲ್ಕು ಕೋಣೆಗಳ ಹೊಟ್ಟೆಯಲ್ಲಿಯೇ ಇದೆ. ಕುದುರೆಯಲ್ಲಿ ಆ ತೊಟ್ಟಿಯಿರುವುದು ಹಿಂಭಾಗದಲ್ಲಿ, ದೊಡ್ಡ ಕರುಳಿನಲ್ಲಿ. ಮುಂಭಾಗದ ಜಠರವಾದರೋ ದೇಹದ ಗಾತ್ರಕ್ಕೆ ಹೋಲಿಸಿದರೆ ತೀರ ಚಿಕ್ಕದು. 8ರಿಂದ 15 ಲೀಟರುಗಳಷ್ಟನ್ನು ಮಾತ್ರ ಅದು ಹಿಡಿಯಬಲ್ಲುದು. ಬಯಲಿನಲ್ಲಿ ದಿನದ ಹೆಚ್ಚು ಹೊತ್ತು ಅಲೆಯುತ್ತ ಸ್ವಲ್ಪಸ್ವಲ್ಪವಾಗಿ ಮೇಯುವ ಪ್ರಾಣಿಗೆ ಅಷ್ಟು ಸಾಕು. ದಿನಕ್ಕೆರಡು ಸಲ ಬಕೆಟ್ಟು ತುಂಬ ಕಾಳು ತಿನ್ನಿಸುವ ಪದ್ಧತಿಗಾಗಿ ಪ್ರಕೃತಿಯು ಅದನ್ನು ನಿರ್ಮಿಸಲಿಲ್ಲ.

ಇದರ ಮೇಲೆ ಇನ್ನೊಂದು ವಿಚಿತ್ರವಿದೆ. ಕುದುರೆಯು ವಾಂತಿ ಮಾಡಲಾರದು. ಅನ್ನನಾಳವು ಜಠರವನ್ನು ಸೇರುವಲ್ಲಿ ಬಲವಾದ ಸ್ನಾಯುವಿನ ಬಳೆಯೊಂದಿದೆ. ನಾಳವು ಅಲ್ಲಿ ಓರೆಯಾಗಿ ಒಳಹೊಗುವುದರಿಂದ ಜಠರವು ಉಬ್ಬಿದಷ್ಟೂ ಆ ಬಾಗಿಲು ಮತ್ತಷ್ಟು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಮನುಷ್ಯನನ್ನೂ ನಾಯಿಯನ್ನೂ ಎಷ್ಟೋ ಸಲ ಕಾಪಾಡುವ ವಾಂತಿಯೆಂಬ ಉಪಾಯವು ಹೀಗೆ ಕುದುರೆಗೆ ಇಲ್ಲವಾಗಿದೆ. ಸಣ್ಣ ಕರುಳಿನಲ್ಲಿ ಎಲ್ಲಿಯಾದರೂ ತಡೆಯುಂಟಾದರೆ ಮುಂದೆ ಹೋಗಲಾರದ ರಸಗಳು ಹಿಂದಕ್ಕೆ ಹರಿದು ಜಠರದಲ್ಲಿ ತುಂಬುತ್ತವೆ. ಮೇಲಿನ ಬಾಗಿಲು ತೆರೆಯದು, ಕೆಳಗಿನ ದಾರಿ ಕಟ್ಟಿದೆ. ಯಾರಾದರೂ ಆ ದ್ರವವನ್ನು ಹೊರಕ್ಕೆ ತೆಗೆಯದಿದ್ದರೆ ಕೊನೆಗೆ ಜಠರವು ಒಡೆಯುತ್ತದೆ. ಒಡೆದ ಕ್ಷಣದಲ್ಲಿ ಒತ್ತಡವಿಳಿದು ಕುದುರೆಯು ಶಾಂತವಾದಂತೆ ತೋರುವುದುಂಟು. ನೋವು ಇಳಿಯಿತೆಂದು ಮನೆಯವರು ಸಂತೋಷಪಡುತ್ತಿರುವಾಗ ಆ ಕುದುರೆಯನ್ನು ಬದುಕಿಸುವ ವಿದ್ಯೆ ಯಾವ ವೈದ್ಯನಲ್ಲಿಯೂ ಉಳಿದಿರುವುದಿಲ್ಲ.

ಇನ್ನು ಹಿಂಭಾಗದ ಕರುಳಿನ ಕಡೆಗೆ ಬರೋಣ. ಇಪ್ಪತ್ತು ಮೀಟರಿಗೂ ಉದ್ದವಾದ ಸಣ್ಣ ಕರುಳು ಮುಗಿದೊಡನೆ, ಸುಮಾರು ಒಂದು ಮೀಟರು ಉದ್ದದ, 30 ಲೀಟರುಗಳಷ್ಟು ಹಿಡಿಯುವ ಕುರುಡುಗರುಳು ಬಲಪಕ್ಕೆಯಲ್ಲಿದೆ. ಅದರ ಮುಂದೆ ಮೂರುನಾಲ್ಕು ಮೀಟರುಗಳ ದೊಡ್ಡ ಕರುಳು ಲಾಳದ ಆಕಾರದಲ್ಲಿ ಎರಡು ಪದರವಾಗಿ ಮಡಿಚಿಕೊಂಡಿದೆ. ಇಷ್ಟು ಭಾರವಾದ ಚೀಲವು ಬುಡದಲ್ಲಿ ಮಾತ್ರ ಬೆನ್ನಿನ ಗೋಡೆಗೆ ಅಂಟಿಕೊಂಡಿದ್ದು, ಉಳಿದ ಭಾಗವೆಲ್ಲ ಹೊಟ್ಟೆಯೊಳಗೆ ಸಡಿಲವಾಗಿ ತೇಲುತ್ತಿರುತ್ತದೆ. ಸಾಲದುದಕ್ಕೆ ಎಡಭಾಗದ ಒಂದು ತಿರುವಿನಲ್ಲಿ ಅದು ಇದ್ದಕ್ಕಿದ್ದಂತೆ ಕಿರಿದಾಗಿ ಹಿಂದಿರುಗುತ್ತದೆ. ಅಗಲವಾದ ರಸ್ತೆಯು ಏಕಾಏಕಿ ಗಲ್ಲಿಯಾದಲ್ಲಿ ಗಾಡಿಗಳು ಸಿಕ್ಕಿಕೊಳ್ಳುವಂತೆ, ನೀರು ಸಾಲದ ಒಣಮೇವು ಈ ತಿರುವಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಸಿಲ್ಕ್ ಬೋರ್ಡ್ ಕೂಡುರಸ್ತೆಯನ್ನು ಬಲ್ಲ ಬಿ.ಟಿ.ಎಂ. ಬಡಾವಣೆಯ ವಾಚಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಶೂಲೆಯೆಂಬುದು ಒಂದೇ ಒಂದು ರೋಗದ ಹೆಸರಲ್ಲವೆಂಬುದು ಇಷ್ಟರಿಂದ ತಿಳಿದಿರಬೇಕು. ಕರುಳಿನ ಸೆಡೆತ, ವಾಯು ತುಂಬಿ ಉಬ್ಬುವುದು, ಮೇವು ಕಟ್ಟಿಕೊಳ್ಳುವುದು, ಕೆರೆಯಂಗಳದ ಬರಿ ನೆಲದ ಮೇಲೆ ಹರಡಿದ ಹುಲ್ಲಿನೊಡನೆ ಹೊಟ್ಟೆ ಸೇರಿದ ಮರಳು, ಇವೆಲ್ಲವೂ ಶೂಲೆಯಾಗಿಯೇ ತೋರುತ್ತವೆ. ಇವುಗಳಲ್ಲಿ ಬಹುಪಾಲು ಒಂದೆರಡು ಔಷಧಗಳಿಂದ ಶಮನವಾಗುತ್ತವೆ; ಎಷ್ಟೋ ಸಲ ತಾವಾಗಿಯೇ ಇಳಿಯುತ್ತವೆ. ಶಸ್ತ್ರಕ್ರಿಯೆಯಿಲ್ಲದೆ ಗುಣವಾಗದಂತಹವು ಸಾಮಾನ್ಯವಾಗಿ ಹತ್ತರಲ್ಲಿ ಒಂದಕ್ಕಿಂತಲೂ ಕಡಮೆ. ಆದರೆ ಆ ಒಂದು ಯಾವುದೆಂಬುದೇ ಪ್ರಶ್ನೆ. ಮುದಿಗುದುರೆಗಳಲ್ಲಿ ಕೊಬ್ಬಿನ ಗಂಟೊಂದು ತನ್ನ ಉದ್ದನೆಯ ತೊಟ್ಟಿನಿಂದ ಸಣ್ಣ ಕರುಳಿಗೆ ನೇಣಿನಂತೆ ಸುತ್ತಿಕೊಳ್ಳುವುದುಂಟು. ದೊಡ್ಡ ಕರುಳು ಸ್ಥಳ ಬಿಟ್ಟು ಜರುಗಿ ತನ್ನ ಬುಡದ ಸುತ್ತ ತಿರುಚಿಕೊಳ್ಳುವುದೂ ಉಂಟು. ಪೂರ್ತಿ ಒಂದು ಸುತ್ತು ತಿರುಚಿದಾಗ ರಕ್ತಸಂಚಾರವು ನಿಂತು ಕೆಲವೇ ಗಂಟೆಗಳಲ್ಲಿ ಕರುಳು ಸಾಯುತ್ತದೆ. ಅದೇ ತಾನೇ ಈದ ಹೆಣ್ಣುಗುದುರೆಗಳಲ್ಲಿ ಇದು ಹೆಚ್ಚು. ಆದುದರಿಂದ ತುಮಕೂರು ಜಿಲ್ಲೆಯ ಕುಣಿಗಲ್ಲಿನಂತಹ ಸ್ಥಳಗಳಲ್ಲಿ, ಎಂದರೆ ಹೈದರ್ ಮತ್ತು ಟಿಪ್ಪುವಿನ ಕಾಲದಿಂದಲೂ ಕುದುರೆಗಳನ್ನು ಸಾಕಿ ಬೆಳೆಸಿದ ನೆಲೆಗಳಲ್ಲಿ, ಬಾಣಂತಿ ಕುದುರೆಯು ಒಂದು ಸಲ ಹೊರಳಿದರೂ ನೋಡುವವರ ಎದೆ ಝಲ್ಲೆನ್ನುವುದು ಸಹಜ.

ಕರುಳು ಸತ್ತರೆ ಕರುಳಿನ ನಷ್ಟ ಮಾತ್ರವಲ್ಲ. ಕುದುರೆಯ ದೊಡ್ಡ ಕರುಳಿನಲ್ಲಿ ಅಸಂಖ್ಯಾತ ಬ್ಯಾಕ್ಟೀರಿಯಗಳು ವಾಸಮಾಡಿಕೊಂಡಿವೆ. ಅವುಗಳಲ್ಲಿ ಹಲವು ಜಾತಿಗಳ ಹೊರಕವಚದಲ್ಲಿ ಒಂದು ವಿಷದ್ರವ್ಯವಿದೆ. ಅದನ್ನು ಎಂಡೋಟಾಕ್ಸಿನ್ ಎನ್ನುವರು. ಆರೋಗ್ಯವಾದ ಕರುಳಿನ ಗೋಡೆಯು ಅದನ್ನು ಒಳಗೆ ಬಿಡುವುದಿಲ್ಲ. ಗೋಡೆಯು ಸಾಯತೊಡಗಿದೊಡನೆ ವಿಷವು ರಕ್ತಕ್ಕೆ ಸೋರುತ್ತದೆ. ಈ ವಿಷಕ್ಕೆ ಕುದುರೆಯಷ್ಟು ಬೇಗ ಮಣಿಯುವ ಪ್ರಾಣಿಗಳು ಕಡಮೆ. ರಕ್ತದ ಒತ್ತಡವು ಕುಸಿಯುತ್ತದೆ, ಕೈಕಾಲುಗಳು ತಣ್ಣಗಾಗುತ್ತವೆ, ಎಳೆಗೆಂಪಾಗಿರಬೇಕಾದ ಒಸಡು ಮೊದಲು ಇಟ್ಟಿಗೆಯ ಕೆಂಪಿಗೂ ಅನಂತರ ನೇರಿಳೆಯ ಬಣ್ಣಕ್ಕೂ ತಿರುಗುತ್ತದೆ. ಕುದುರೆಯ ತುರ್ತುಚಿಕಿತ್ಸೆಯೆಂದರೆ ಬಹುಮಟ್ಟಿಗೆ ಈ ವಿಷಕ್ಕಿಂತ ಒಂದು ಹೆಜ್ಜೆ ಮುಂದಿರಲು ಮಾಡುವ ಪ್ರಯತ್ನವೇ ಆಗಿದೆ.

ವೈದ್ಯರು ಬರುವ ಮೊದಲೇ ಯಜಮಾನನು ಬಹಳಷ್ಟನ್ನು ತಿಳಿದುಕೊಳ್ಳಬಹುದು. ಇದಕ್ಕೆ ಗಡಿಯಾರವೊಂದಿದ್ದರೆ ಸಾಕು. ಕೆಳದವಡೆಯ ಅಂಚನ್ನು ದಾಟಿಹೋಗುವ ರಕ್ತನಾಳವನ್ನು ಬೆರಳಿನಿಂದ ಮೆಲ್ಲನೆ ಒತ್ತಿ ನಾಡಿಯನ್ನು ಎಣಿಸಬೇಕು. ನೆಮ್ಮದಿಯಾಗಿರುವ ಕುದುರೆಯ ನಾಡಿಯು ನಿಮಿಷಕ್ಕೆ 28ರಿಂದ 44 ಸಲ ಮಿಡಿಯುತ್ತದೆ. ನಮ್ಮ ನಾಡಿಗಿಂತ ಎಷ್ಟೋ ನಿಧಾನ. ಅದು 60ನ್ನು ಮೀರಿ ಅಲ್ಲಿಯೇ ನಿಂತರೆ ವಿಷಯವು ಲಘುವಾದುದಲ್ಲ; 80ನ್ನು ಮುಟ್ಟಿದರೆ ಅಪಾಯವು ಹತ್ತಿರದಲ್ಲಿದೆ. ಪಕ್ಕೆಯ ಏರಿಳಿತವನ್ನು ನೋಡಿ ಉಸಿರನ್ನು ಎಣಿಸಬಹುದು. ಅದು 8ರಿಂದ 16ರೊಳಗಿರಬೇಕು. ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಬಿಳುಪಾದ ಜಾಗವು ಎರಡು ಸೆಕೆಂಡುಗಳೊಳಗೆ ಮತ್ತೆ ಕೆಂಪಾಗಬೇಕು. ಪಕ್ಕೆಗೆ ಕಿವಿಯಿಟ್ಟರೆ ಗುಡುಗುಡು ಸದ್ದು ಕೇಳಬೇಕು. ಅಲ್ಲಿ ನಿಶ್ಶಬ್ದವಿದ್ದರೆ ಅದು ಒಳ್ಳೆಯ ಸೂಚನೆಯಲ್ಲ. ಈ ನಾಲ್ಕು ವಿವರಗಳನ್ನೂ, ಕುದುರೆಯು ಕೊನೆಯ ಸಲ ಲದ್ದಿ ಹಾಕಿದ ಹೊತ್ತನ್ನೂ ದೂರವಾಣಿಯಲ್ಲಿ ಹೇಳಿದರೆ ಬರುವ ವೈದ್ಯರು ಅರ್ಧ ಸಿದ್ಧರಾಗಿಯೇ ಬರುವರು. ಕರ್ನಾಟಕದಲ್ಲಿ ಸಂಚಾರಿ ಪಶುಚಿಕಿತ್ಸಾ ವಾಹನವನ್ನು ಕರೆಯಲು 1962 ಎಂಬ ಸಂಖ್ಯೆಯನ್ನು ಗೊತ್ತುಮಾಡಿದ್ದಾರೆ. ಆದರೆ ಕುದುರೆಯ ಅಭ್ಯಾಸವಿರುವ ಒಬ್ಬ ವೈದ್ಯರ ಸಂಖ್ಯೆಯು ಲಾಯದ ಗೋಡೆಯ ಮೇಲೆ ಮೊದಲೇ ಬರೆದಿರುವುದು ಎಲ್ಲಕ್ಕಿಂತ ಮೇಲು.

ಮಾಡಬಾರದ ಕೆಲಸವೊಂದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ನಮ್ಮ ಹಳ್ಳಿಗಳಲ್ಲಿ ದನಗಳಿಗೆ ಗೊಟ್ಟದಿಂದ ಔಷಧವನ್ನು ಕುಡಿಸುವುದು ಬಹುಕಾಲದ ರೂಢಿ. ಅದೇ ರೂಢಿಯಿಂದ ಕುದುರೆಯ ತಲೆಯನ್ನೂ ಮೇಲೆತ್ತಿ ಎಣ್ಣೆಯನ್ನೋ ಕಷಾಯವನ್ನೋ ಗೊಟ್ಟದಿಂದ, ಇಲ್ಲವೆ ಬಾಟಲಿಯಿಂದ ಸುರಿಯುವವರಿದ್ದಾರೆ. ನೋವಿನಿಂದ ಒದ್ದಾಡುವ ಕುದುರೆಯಲ್ಲಿ ಅದು ಸುಲಭವಾಗಿ ಉಸಿರುಗೊಳವೆಗೆ ಇಳಿಯುತ್ತದೆ. ಎಣ್ಣೆಯು ಶ್ವಾಸಕೋಶವನ್ನು ಸೇರಿತೆಂದರೆ ಶೂಲೆಯಿಂದ ಬದುಕುತ್ತಿದ್ದ ಕುದುರೆಯೂ ನ್ಯುಮೋನಿಯದಿಂದ ಸಾಯಬಹುದು. ಮೇಲಾಗಿ ತುಂಬಿ ಬಿರಿಯುತ್ತಿರುವ ಜಠರಕ್ಕೆ ಮತ್ತಷ್ಟು ಸುರಿಯುವುದು ಎಂತಹ ಉಪಕಾರ? ಬಾಯಿಗೆ ಏನನ್ನೂ ಹಾಕಬಾರದು. ಮುಂದಿನ ಮೇವನ್ನು ತೆಗೆದುಬಿಡಬೇಕು. ಮೆಲ್ಲಗೆ ಹತ್ತಿಪ್ಪತ್ತು ನಿಮಿಷ ನಡೆದಾಡಿಸಿದರೆ ಲಘುವಾದ ಸೆಡೆತವು ಸಡಿಲವಾಗುವುದುಂಟು. ರಾತ್ರಿಯೆಲ್ಲ ನಡೆಸಿ ದಣಿಸುವುದರಲ್ಲಿ ಅರ್ಥವಿಲ್ಲ. ಹೊರಳಿದರೆ ಕರುಳು ತಿರುಚಿಕೊಳ್ಳುವುದೆಂಬ ನಂಬಿಕೆಯು ಬಹಳ ಹಳೆಯದು. ಆದರೆ ಸಾಮಾನ್ಯವಾಗಿ ಮೊದಲು ಕರುಳು ತಿರುಚಿಕೊಂಡಿರುವುದರಿಂದಲೇ ಕುದುರೆಯು ಹೊರಳುತ್ತದೆಯೆಂದು ಇಂದಿನ ವೈದ್ಯರು ಭಾವಿಸುತ್ತಾರೆ. ಸುಮ್ಮನೆ ಮಲಗಿದ್ದರೆ ಮಲಗಲು ಬಿಡಬಹುದು. ಬಡಿದುಕೊಂಡು ಗಾಯ ಮಾಡಿಕೊಳ್ಳುತ್ತಿದ್ದರೆ ಮಾತ್ರ ಎಬ್ಬಿಸಬೇಕು, ಅದೂ ಅದರ ಕಾಲುಗಳಿಂದ ದೂರವಿದ್ದುಕೊಂಡು.

ವೈದ್ಯರ ಚೀಲದಲ್ಲಿ ಬೆಲೆ ಕಡಮೆಯಾದರೂ ಪ್ರಾಣ ಉಳಿಸುವುದರಲ್ಲಿ ಮೊದಲಾದ ಉಪಕರಣವೊಂದಿದೆ: ಸುಮಾರು ಮೂರು ಮೀಟರು ಉದ್ದದ ನಳಿಗೆ. ಅದನ್ನು ಮೂಗಿನ ಹೊಳ್ಳೆಯಿಂದ ತೂರಿಸಿ, ಕುದುರೆಯು ನುಂಗುವ ಕ್ಷಣವನ್ನು ಕಾದು ಅನ್ನನಾಳಕ್ಕೆ ಇಳಿಸುತ್ತಾರೆ. ಕತ್ತಿನ ಎಡಬದಿಯಲ್ಲಿ ನಳಿಗೆಯ ತುದಿಯು ಚರ್ಮದ ಕೆಳಗೆ ಜಾರಿಹೋಗುವುದು ಕಣ್ಣಿಗೆ ಕಾಣುತ್ತದೆ. ಜಠರವನ್ನು ಮುಟ್ಟಿದ ಮೇಲೆ ಸ್ವಲ್ಪ ನೀರನ್ನು ಒಳಬಿಟ್ಟು ಹೊರತುದಿಯನ್ನು ಕೆಳಗಿಳಿಸಿದರೆ, ತೊಟ್ಟಿಯಿಂದ ನೀರನ್ನು ಕೊಳವೆಯ ಮೂಲಕ ಇಳಿಸುವಂತೆಯೇ ಒಳಗಿನ ದ್ರವವೆಲ್ಲ ಬಕೆಟ್ಟಿಗೆ ಹರಿಯುತ್ತದೆ. ಕುದುರೆಗೆ ಪ್ರಕೃತಿಯು ನಿರಾಕರಿಸಿದ ವಾಂತಿಯನ್ನು ವೈದ್ಯರು ಹೀಗೆ ಮಾಡಿಸುತ್ತಾರೆ. ಬಕೆಟ್ಟು ತುಂಬಿದರೆ ತಡೆಯು ಸಣ್ಣ ಕರುಳಿನಲ್ಲಿರುವ ಸಂಭವ ಹೆಚ್ಚು. ಏನೂ ಬಾರದಿದ್ದರೆ ಅದೇ ನಳಿಗೆಯಿಂದ ನೀರು, ಲವಣ, ಲಿಕ್ವಿಡ್ ಪ್ಯಾರಾಫಿನ್‌ಗಳನ್ನು ಒಳಕ್ಕೆ ಬಿಟ್ಟು ಕಟ್ಟಿಕೊಂಡ ಮೇವನ್ನು ನೆನೆಯಿಸಬಹುದು. ಆಮೇಲೆ ಗುದದ್ವಾರದ ಮೂಲಕ ತೋಳನ್ನು ಒಳತೂರಿಸಿ ಕರುಳುಗಳು ಯಾವ ಸ್ಥಾನದಲ್ಲಿವೆಯೆಂದು ತಡವಿ ನೋಡುತ್ತಾರೆ. ಹೊಟ್ಟೆಯ ತಳಭಾಗದಲ್ಲಿ ಸೂಜಿ ಚುಚ್ಚಿ ಒಳಗಿನ ನೀರನ್ನು ಒಂದೆರಡು ಹನಿ ತೆಗೆಯುವುದೂ ಉಂಟು. ಅದು ತೆಳುಹಳದಿಯಾಗಿ ತಿಳಿಯಾಗಿದ್ದರೆ ಒಳ್ಳೆಯದು. ಕೆಂಪಾಗಿ ಕದಡಿದ್ದರೆ ಕರುಳಿನ ಯಾವುದೋ ಭಾಗವು ಸಾಯುತ್ತಿದೆ.

ನೋವನ್ನು ಶಮನಗೊಳಿಸುವ ಔಷಧಗಳು ಇಂದು ಹಲವಿವೆ. ಜೈಲಜೀನ್ ಕೆಲವು ನಿಮಿಷಗಳಲ್ಲಿ ಕುದುರೆಯನ್ನು ಶಾಂತಗೊಳಿಸುತ್ತದೆ. ಅದರ ಪರಿಣಾಮವು ಬೇಗ ಇಳಿಯುತ್ತದೆ. ಫ್ಲೂನಿಕ್ಸಿನ್ ಎಂಬುದರ ಪರಿಣಾಮವು ಹಲವು ಗಂಟೆಗಳವರೆಗೆ ನಿಲ್ಲುತ್ತದೆ. ಈ ಎರಡನೆಯದರಲ್ಲಿ ಒಂದು ಮೋಸವಿದೆ. ಕರುಳು ತಿರುಚಿದ್ದರೂ ಕುದುರೆಯು ಸ್ವಲ್ಪ ಹೊತ್ತು ನೆಮ್ಮದಿಯಾಗಿರುವಂತೆ ಕಾಣಬಹುದು. ಅಷ್ಟರಲ್ಲಿ ಶಸ್ತ್ರಕ್ರಿಯೆಯ ವೇಳೆಯು ಮೀರಿಹೋಗಬಹುದು. ಆದುದರಿಂದ ಔಷಧ ಕೊಟ್ಟ ಮೇಲೂ ನಾಡಿಯನ್ನು ಎಣಿಸುತ್ತಲೇ ಇರಬೇಕು. ನೋವು ಅಡಗಿದ್ದರೂ ನಾಡಿಯು ಏರುತ್ತಿದ್ದರೆ ನಾಡಿಯನ್ನೇ ನಂಬಬೇಕು. ಔಷಧದ ಅಂಗಡಿಯಲ್ಲಿ ಕೇಳಿ ತಂದ ಮನುಷ್ಯರ ನೋವಿನ ಮದ್ದನ್ನು ಕೊಡುವುದಂತೂ ಕೂಡದು. ಅಂತಹ ಮದ್ದುಗಳಲ್ಲಿ ಒಂದಾದ ಡೈಕ್ಲೊಫೆನಾಕ್ ಇನ್ನೊಂದು ಅನರ್ಥಕ್ಕೂ ಕಾರಣವಾಯಿತು. ಆ ಔಷಧವನ್ನು ಪಡೆದು ಸತ್ತ ದನಗಳನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾವಿರಾರು ಸಂಖ್ಯೆಯಲ್ಲಿ ಅಳಿದುವು. 2006ರಲ್ಲಿ ಭಾರತವು ಪಶುಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು. ಬೆಂಗಳೂರಿಗೆ ಸಮೀಪದ ರಾಮನಗರದ ರಾಮದೇವರಬೆಟ್ಟವು ರಣಹದ್ದುಗಳ ಧಾಮವಾಗಿರುವುದು ವಾಚಕರಿಗೆ ತಿಳಿದಿರಬಹುದು.

ನೋವಿನ ತರುವಾಯ ನೀರಿನ ಮಾತು. ಇಲ್ಲಿ ಕುದುರೆಯ ಗಾತ್ರವೇ ವೈದ್ಯರನ್ನು ಹೆದರಿಸುತ್ತದೆ. 300 ಕಿಲೋಗ್ರಾಂ ತೂಕದ ಒಂದು ಸಾಧಾರಣ ಕುದುರೆಯು ಬೆವರಿನಿಂದಲೂ ಕರುಳಿನಲ್ಲಿ ನಿಂತುಹೋದ ರಸಗಳಿಂದಲೂ ತನ್ನ ತೂಕದ ನೂರಕ್ಕೆ ಎಂಟರಷ್ಟು ನೀರನ್ನು ಕಳೆದುಕೊಂಡಿತೆಂದು ಇಟ್ಟುಕೊಳ್ಳೋಣ. ಅದನ್ನು ತುಂಬಲು 24 ಲೀಟರು ಲವಣಜಲವು ಬೇಕು. ಮನುಷ್ಯರಿಗೆ ಏರಿಸುವ ಅರ್ಧ ಲೀಟರಿನ ಬಾಟಲಿಗಳಲ್ಲಿ ಲೆಕ್ಕ ಹಾಕಿದರೆ 48 ಬಾಟಲಿಗಳಾದುವು! ಇದಲ್ಲದೆ ದಿನದ ಸಹಜವಾದ ಅವಶ್ಯಕತೆಗಾಗಿ ಇನ್ನೂ 15 ಲೀಟರು. ದೊಡ್ಡ ಚೀಲಗಳೂ ಕತ್ತಿನ ಸಿರೆಗೆ ಹಾಕುವ ದಪ್ಪ ಸೂಜಿಯೂ ಇಲ್ಲದಿದ್ದರೆ ಈ ಕೆಲಸವು ಬೀದಿಯಲ್ಲಿ ಆಗುವಂತಹುದಲ್ಲ. ಇದಕ್ಕೆ ಒಂದು ಉಪಾಯವುಂಟು. ರಕ್ತಕ್ಕಿಂತ ಎಷ್ಟೋ ಪಾಲು ಹೆಚ್ಚು ಉಪ್ಪಾದ, ನೂರಕ್ಕೆ 7.2ರಷ್ಟು ಲವಣವುಳ್ಳ ದ್ರಾವಣವನ್ನು ಸುಮಾರು ಒಂದೂಕಾಲು ಲೀಟರಿನಷ್ಟು ಬೇಗನೆ ಸಿರೆಗೆ ಬಿಟ್ಟರೆ, ಅದು ಅಂಗಾಂಶಗಳಲ್ಲಿರುವ ನೀರನ್ನು ರಕ್ತನಾಳಗಳೊಳಕ್ಕೆ ಸೆಳೆದು ರಕ್ತದ ಒತ್ತಡವನ್ನು ಹಿಡಿದು ನಿಲ್ಲಿಸುತ್ತದೆ. ಆದರೆ ಇದು ಮನೆಯೊಳಗಿಂದಲೇ ಪಡೆದ ಸಾಲ. ಒಂದೆರಡು ಗಂಟೆಗಳಲ್ಲಿ ಸಾಧಾರಣ ಲವಣಜಲವನ್ನು ಧಾರಾಳವಾಗಿ ಕೊಟ್ಟು ತೀರಿಸಲೇಬೇಕು. ದೂರದ ಆಸ್ಪತ್ರೆಗೆ ಸಾಗಿಸುವ ಮುನ್ನ ಸಮಯವನ್ನು ಗಳಿಸಲು ಇದರಷ್ಟು ಉಪಯುಕ್ತವಾದುದು ಇನ್ನೊಂದಿಲ್ಲ.

ದೂರದ ಮಾತು ಇಲ್ಲಿಗೆ ಬಂದಿತು. ಸಂಚಾರಿ ವೈದ್ಯರಿಂದ ಆಗದ ಚಿಕಿತ್ಸೆಗಾಗಿ ಬನಶಂಕರಿಯ ಕುದುರೆಯನ್ನು ಎಲ್ಲಿಗೆ ಒಯ್ಯಬೇಕು? 1958ರಲ್ಲಿ ಸ್ಥಾಪಿತವಾದ ಪಶುವೈದ್ಯ ಕಾಲೇಜು ಇರುವುದು ಹೆಬ್ಬಾಳದಲ್ಲಿ, ಎಂದರೆ ನಗರದ ಉತ್ತರದ ತುದಿಯಲ್ಲಿ. ಪಂದ್ಯದ ಕುದುರೆಗಳ ಲಾಯಗಳಿರುವುದು ನಡುಪಟ್ಟಣದ ರೇಸ್ ಕೋರ್ಸಿನಲ್ಲಿ. ಆ ಕುದುರೆಗಳಿಗೆ ವೈದ್ಯರು ಕೂಗಳತೆಯಲ್ಲಿಯೇ ಇರುತ್ತಾರೆ. ಮದುವೆಯ ಕುದುರೆಗಾದರೋ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನ ದಾರಿ. ಅದನ್ನು ಏರಿಸಲು ಇಳಿಜಾರು ಹಲಗೆಯುಳ್ಳ ವಾಹನವೂ ಬೇಕು. ನಡುರಾತ್ರಿಯಲ್ಲಿ ಹೊರಟರೆ ರಸ್ತೆಯು ತೆರವಾಗಿರುತ್ತದೆ. ಬೆಳಗಿನ ಒಂಬತ್ತು ಗಂಟೆಯವರೆಗೆ ನೋಡೋಣವೆಂದು ನಿಂತವರು ಕರುಳಿಗೆ ಉಳಿದಿದ್ದ ಗಂಟೆಗಳನ್ನು ವಾಹನಗಳ ಸಾಲಿನಲ್ಲಿ ಕಳೆಯಬೇಕಾಗುತ್ತದೆ. ನಿರ್ಧಾರವು ತಡವಾದ ಕಾರಣದಿಂದ ಸತ್ತ ಕುದುರೆಗಳು ಕತ್ತಿಯ ಕೆಳಗೆ ಸತ್ತವುಗಳಿಗಿಂತ ಹೆಚ್ಚೆಂದು ನಮ್ಮ ಅಭಿಪ್ರಾಯ. ಔಷಧಕ್ಕೆ ಬಗ್ಗದ ನೋವು, ಏರುತ್ತಿರುವ ನಾಡಿ, ನಳಿಗೆಯಿಂದ ಮತ್ತೆ ಮತ್ತೆ ಬರುವ ದ್ರವ: ಈ ಮೂರರಲ್ಲಿ ಒಂದು ಕಂಡರೂ ವಾಹನವನ್ನು ಕರೆಯಿಸಿ ನಿಲ್ಲಿಸಿಕೊಂಡಿರಬೇಕು. ಕುದುರೆಯು ಚೇತರಿಸಿಕೊಂಡರೆ ಬಾಡಿಗೆಯಷ್ಟೇ ನಷ್ಟ.

ಶಸ್ತ್ರಕ್ರಿಯೆಯು ಸುಲಭವೆಂದು ಮಾತ್ರ ಯಾರೂ ತಿಳಿಯಬಾರದು. ಅರಿವಳಿಕೆ ಕೊಟ್ಟ ಕುದುರೆಯನ್ನು ರಾಟೆಯಿಂದ ಎತ್ತಿ ಮೆತ್ತೆಯ ಮೇಜಿನ ಮೇಲೆ ಅಂಗಾತ ಮಲಗಿಸುತ್ತಾರೆ. ಆಗ ಕರುಳುಗಳ ಭಾರವೆಲ್ಲ ವಪೆಯ ಮೇಲೂ ದೊಡ್ಡ ರಕ್ತನಾಳಗಳ ಮೇಲೂ ಬಿದ್ದು ಉಸಿರಾಟವೂ ರಕ್ತಸಂಚಾರವೂ ಕುಗ್ಗುತ್ತವೆ. ಆರೋಗ್ಯವಂತ ಕುದುರೆಗಳಲ್ಲಿ ಕೂಡ ಅರಿವಳಿಕೆಯಿಂದಾಗುವ ಸಾವು ನೂರಕ್ಕೆ ಒಂದರ ಸಮೀಪದಲ್ಲಿದೆ. ಮನುಷ್ಯರಲ್ಲಿ ಅದನ್ನು ಹತ್ತಾರು ಸಾವಿರಗಳಿಗೆ ಒಂದೆಂದು ಎಣಿಸಬೇಕಾಗುತ್ತದೆ. ಶೂಲೆಯ ಕುದುರೆಗಂತೂ ಅಪಾಯವು ಇನ್ನೂ ಹೆಚ್ಚು. ಶಸ್ತ್ರವೈದ್ಯರು ಹೊಟ್ಟೆಯ ನಡುಗೆರೆಯನ್ನು ಸೀಳಿ, ಕರುಳನ್ನು ಹೊರತೆಗೆದು, ತಿರುಚನ್ನು ಬಿಚ್ಚಿ, ಸತ್ತ ಭಾಗವನ್ನು ಕತ್ತರಿಸಿ ಹೊಲಿದು ಒಳಗಿಟ್ಟರು. ಅಲ್ಲಿಗೆ ಮುಗಿಯಿತೆ? ಎಚ್ಚರಗೊಳ್ಳುವ ಹೊತ್ತು ಇನ್ನೂ ಭಯಂಕರವಾದುದು. ಅಪಾಯವೆನಿಸಿದರೆ ಎದ್ದು ಓಡುವುದೇ ಕುದುರೆಯ ಹುಟ್ಟುಗುಣ. ಅರೆಎಚ್ಚರದಲ್ಲಿ ಕಾಲುಗಳು ವಶದಲ್ಲಿಲ್ಲದಿದ್ದರೂ ಅದು ಏಳಲು ಹೆಣಗುತ್ತದೆ. ಬಿದ್ದು ಕಾಲು ಮುರಿದುಕೊಳ್ಳುವುದೂ ಉಂಟು. ಗೋಡೆಗಳಿಗೆಲ್ಲ ಮೆತ್ತೆ ಹೊದಿಸಿದ ಕೋಣೆಯಲ್ಲಿ ತಲೆಗೂ ಬಾಲಕ್ಕೂ ಹಗ್ಗ ಕಟ್ಟಿ, ಅದು ಏಳುವಾಗ ಹೊರಗಿನಿಂದ ಆಧಾರ ಕೊಡುವ ಕ್ರಮವು ಇದಕ್ಕಾಗಿಯೇ ರೂಢಿಗೆ ಬಂದಿದೆ.

ಇಷ್ಟೆಲ್ಲದರ ವೆಚ್ಚವು ಬಾಡಿಗೆಯ ಕುದುರೆಯ ಬೆಲೆಯನ್ನು ಮೀರುವುದು ಅಪರೂಪವಲ್ಲ. ಪಂದ್ಯದ ಕುದುರೆಗೆ ದೊರೆಯುವ ಚಿಕಿತ್ಸೆಯು ಸಾರೋಟಿನ ಕುದುರೆಗೆ ದೊರೆಯದಿರುವುದಕ್ಕೆ ವಿಜ್ಞಾನದ ಕೊರತೆಯು ಕಾರಣವಲ್ಲವೆಂಬುದನ್ನು ನಾವು ಮುಚ್ಚಿಟ್ಟು ಬರೆಯಬೇಕಾಗಿಲ್ಲ. ಶಸ್ತ್ರಕ್ರಿಯೆಯು ಸಾಧ್ಯವಿಲ್ಲದಿದ್ದಾಗ, ತಿರುಚಿದ ಕರುಳಿನ ಕುದುರೆಯನ್ನು ಗಂಟೆಗಟ್ಟಲೆ ಒದ್ದಾಡಲು ಬಿಡುವುದಕ್ಕಿಂತ ವೈದ್ಯರಿಂದ ನೋವಿಲ್ಲದ ದಯಾಮರಣವನ್ನು ಕೊಡಿಸುವುದೇ ಉಳಿದ ಚಿಕಿತ್ಸೆ. ಈ ಮಾತನ್ನು ಕಣ್ಣೀರಿನ ನಡುವೆ ನಡುರಾತ್ರಿಯಲ್ಲಿ ಮೊದಲ ಸಲ ಆಡುವುದಕ್ಕಿಂತ, ಎಲ್ಲಿಯವರೆಗೆ ವೆಚ್ಚ ಮಾಡಬಲ್ಲೆವೆಂಬುದನ್ನು ನೆಮ್ಮದಿಯ ದಿನದಲ್ಲಿಯೇ ಮನೆಯವರು ಮಾತನಾಡಿಕೊಂಡಿರುವುದು ಲೇಸು.

ನಮ್ಮ ಆರತಕ್ಷತೆಯ ಕುದುರೆಗೆ ಹಿಂದಿರುಗೋಣ. ಅದರ ಕರುಳು ತಿರುಚಿಲ್ಲದಿರಬಹುದು. ಹುರುಳಿಯೂ ಅನ್ನವೂ ಮಿತಿಮೀರಿದ್ದೇ ತೊಂದರೆಯಾಗಿರಬಹುದು. ಸಣ್ಣ ಕರುಳು ಅರಗಿಸಲಾರದೆ ಬಿಟ್ಟ ಪಿಷ್ಟವು ಹಿಂಭಾಗದ ತೊಟ್ಟಿಗೆ ಬಿದ್ದೊಡನೆ ಅಲ್ಲಿ ಲ್ಯಾಕ್ಟಿಕ್ ಆಮ್ಲವನ್ನು ತಯಾರಿಸುವ ಬ್ಯಾಕ್ಟೀರಿಯಗಳು ಮಿತಿಯಿಲ್ಲದೆ ಬೆಳೆಯುತ್ತವೆ. ಹುಲ್ಲನ್ನು ಅರಗಿಸುವ ಜಾತಿಗಳು ಸತ್ತು ಮೇಲೆ ಹೇಳಿದ ವಿಷವನ್ನು ಬಿಡುತ್ತವೆ. ಶೂಲೆಯು ಇಳಿದು, ಗಂಡಾಂತರ ಕಳೆಯಿತೆಂದು ಎಲ್ಲರೂ ನಿದ್ರೆಮಾಡಿದ ಒಂದೆರಡು ದಿನಗಳಲ್ಲಿ ಅನಾಹುತವು ಗೊರಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಗೊರಸಿನ ಗೋಡೆಯು ಒಳಗಿನ ಎಲುಬನ್ನು ಹಿಡಿದುಕೊಂಡಿರುವುದು ಪುಸ್ತಕದ ಹಾಳೆಗಳಂತಿರುವ 550ರಿಂದ 600 ತೆಳುಪದರಗಳಿಂದ. ಇಡೀ ಕುದುರೆಯ ಭಾರವು ಆ ಹಾಳೆಗಳಿಗೆ ನೇತುಬಿದ್ದಿದೆ. ಅವು ಉರಿಗೊಂಡು ಬಿಟ್ಟುಕೊಂಡರೆ ಎಲುಬು ಕೆಳಕ್ಕೆ ಜಾರಿ, ಕೆಲವು ಸಲ ಅಂಗಾಲನ್ನೇ ಭೇದಿಸುತ್ತದೆ. ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹೇರಿಕೊಂಡು, ಹೆಜ್ಜೆಯಿಡಲೊಲ್ಲದೆ ನಿಂತ ಕುದುರೆಯನ್ನು ಕಂಡರೆ ಇದೇ ಎಂದು ತಿಳಿಯಬೇಕು. ಆಶ್ಚರ್ಯವೆಂದರೆ ಇದನ್ನು ತಡೆಯಲು ಅತ್ಯಂತ ಫಲಕಾರಿಯಾದುದು ಮಂಜುಗಡ್ಡೆ. ಕಾಳು ಮಿತಿಮೀರಿತೆಂದು ತಿಳಿದೊಡನೆ, ಕುಂಟು ತೋರುವ ಮೊದಲೇ, ಗೊರಸುಗಳನ್ನು ಮಂಜಿನ ನೀರಿನಲ್ಲಿ ಎರಡು ಮೂರು ದಿನ ಎಡೆಬಿಡದೆ ಇಟ್ಟರೆ ಆ ಪದರಗಳು ಉಳಿಯುವ ಸಂಭವವು ಬಹಳ ಹೆಚ್ಚುತ್ತದೆ. ಮಂಜುಗಡ್ಡೆಯು ಮದುವೆಯ ಮನೆಗಳಲ್ಲಿಯೇ ಧಾರಾಳವಾಗಿ ಸಿಗುವ ವಸ್ತು!

ಶೂಲೆಯ ಹೊರತು ಇತರ ತುರ್ತುಗಳೂ ಇಲ್ಲದಿಲ್ಲ. ರಸ್ತೆಯ ಮೊಳೆಯು ಗೊರಸಿಗೆ ನಾಟಿದರೆ ಕೀಳುವ ಮೊದಲು ವೈದ್ಯರಿಗೆ ತೋರಿಸಬೇಕು; ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಸಾಕುಪ್ರಾಣಿ ಇನ್ನೊಂದಿಲ್ಲವಾದುದರಿಂದ ಅದರ ಚುಚ್ಚುಮದ್ದು ತಪ್ಪಕೂಡದು. ಬಿಸಿಲಿಗೆ ಕುಸಿದ ಕುದುರೆಯ ಮೈಮೇಲೆಲ್ಲ ತಣ್ಣೀರನ್ನು ನಿಲ್ಲಿಸದೆ ಸುರಿಯಬೇಕು. ಈಯುವ ಕುದುರೆಯು ನೀರಿನ ಚೀಲ ಒಡೆದ ಅರ್ಧ ಗಂಟೆಯೊಳಗೆ ಮರಿಯನ್ನು ಹಾಕದಿದ್ದರೆ ಕಾಯುವಂತಿಲ್ಲ. ಹುಟ್ಟಿದ ಮರಿಯು ಒಂದು ಗಂಟೆಯಲ್ಲಿ ನಿಲ್ಲಬೇಕು, ಎರಡು ಗಂಟೆಗಳಲ್ಲಿ ಗಿಣ್ಣುಹಾಲನ್ನು ಕುಡಿಯಬೇಕು. ರೋಗನಿರೋಧಕ ದ್ರವ್ಯಗಳು ಗರ್ಭದಲ್ಲಿ ಮರಿಗೆ ಬರುವುದಿಲ್ಲ, ಗಿಣ್ಣಿನಿಂದಲೇ ಬರಬೇಕು, ಒಂದು ದಿನ ಕಳೆದರೆ ಮರಿಯ ಕರುಳು ಅವನ್ನು ಒಳಗೆ ಬಿಡುವುದೂ ಇಲ್ಲ.

ಕನ್ನಡದಲ್ಲಿ ಕುದುರೆಯ ವೈದ್ಯದ ಚಿಂತನೆಯು ಹೊಸದೇನಲ್ಲ. ಸುಮಾರು 1400ರಲ್ಲಿ ಅಭಿನವಚಂದ್ರನೆಂಬ ಕವಿಯು ‘ಅಶ್ವವೈದ್ಯ’ವನ್ನು ಬರೆದನು. ಅದಕ್ಕೂ ಹಿಂದೆ, ಹನ್ನೆರಡನೆಯ ಶತಮಾನದಲ್ಲಿ, ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ದನಗಳಿಗಾಗಿ ‘ಗೋವೈದ್ಯ’ವನ್ನು ರಚಿಸಿದ್ದನು. ಅಂದಿನ ರಾಜರಿಗೆ ಕುದುರೆಯೆಂದರೆ ರಾಜ್ಯದ ಬಲ. ಇಂದಿನ ಯಜಮಾನನಿಗೆ ಅದು ಮುಂದಿನ ಲಗ್ನದ ದಿನಗಳ ಸಂಪಾದನೆ. ಈ ಲಗ್ನಗಳ ಪಂಚಾಂಗವು ಕುದುರೆಯ ಹೊಟ್ಟೆಗೂ ಸಂಬಂಧಿಸಿದೆಯೆಂದರೆ ವಾಚಕರು ನಗಬಹುದು. ಆಷಾಢದಲ್ಲಿ ಮದುವೆಗಳಿಲ್ಲ; ಬಾಡಿಗೆಯಿಲ್ಲದ ಕುದುರೆಗೆ ಕಾಳು ಇಳಿಯುತ್ತದೆ, ಅದು ಕಟ್ಟಿದಲ್ಲಿಯೇ ನಿಂತಿರುತ್ತದೆ. ಶ್ರಾವಣ ಬಂದೊಡನೆ ಕೆಲಸವೂ ಹುರುಳಿಯೂ ಒಮ್ಮೆಗೇ ಏರುತ್ತವೆ. ಮೇವಿನಲ್ಲಿ ದಿಢೀರೆಂದು ಆಗುವ ಬದಲಾವಣೆಯು ಶೂಲೆಗೆ ಮುಖ್ಯವಾದ ಕಾರಣಗಳಲ್ಲಿ ಒಂದು. ಹೊಸ ಮೇವನ್ನು ಹತ್ತು ಹದಿನೈದು ದಿನಗಳ ಅವಧಿಯಲ್ಲಿ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು. ಕುದುರೆಗೆ ನೀರು ಸದಾ ಎಟುಕುವಂತಿರಬೇಕು. ಮೆರವಣಿಗೆಯ ನಡುವೆಯೂ ಬಕೆಟ್ಟು ಜೊತೆಯಲ್ಲಿರಬೇಕು.

ಶೂಲೆಯಿಂದ ಪಾರಾದ ಕುದುರೆಗೆ ಮೊದಲ ಊಟವನ್ನು ಕೊಡುವಾಗಲೂ ಅದೇ ಎಚ್ಚರವು ಬೇಕು. ನೋವು ಪೂರ್ತಿಯಾಗಿ ನಿಂತು, ಪಕ್ಕೆಯಲ್ಲಿ ಸದ್ದು ಕೇಳಿ, ಲದ್ದಿ ಬಿದ್ದ ಮೇಲೆ ಒಂದೆರಡು ಹಿಡಿ ಹಸಿರು ಗರಿಕೆಯನ್ನು ಕೊಟ್ಟು ನೋಡುತ್ತಾರೆ. ಮೂರು ನಾಲ್ಕು ಗಂಟೆ ತೊಂದರೆಯಿಲ್ಲದಿದ್ದರೆ ಮತ್ತೆ ಅಷ್ಟೇ. ಎರಡನೆಯ ದಿನ ನೆನೆಸಿದ ಒಣಹುಲ್ಲು, ಅದೂ ಎಂದಿನ ಅರ್ಧದಷ್ಟು. ಹುರುಳಿಯ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ, ಕೆಲವು ದಿನಗಳಾದ ಮೇಲೆ, ಒಂದು ಬೊಗಸೆಯಷ್ಟು.